ಇಂಗ್ಲಿಷ್ ಗಾದೆಗಳೂ ನಮ್ಮ ಅತ್ತೆಯೂ

ಇಂಗ್ಲಿಷರು ನಮ್ಮ ದೇಶ ಬಿಟ್ಟು ಹೋದದ್ದು ಯಾರ ದೆಸೆಯಿಂದ ಎಂದು ಪರೀಕ್ಷೆಯಲ್ಲಿ ಕೇಳಿದರೆ ನೀವು ಏನು ಬೇಕಾದರೂ ಬರೆಯಿರಿ. ನನ್ನ ಅನುಮಾನವೇ ಬೇರೆ. ಇನ್ನು ಕೆಲವೇ ವರ್ಷಗಳಲ್ಲಿ ಇಳಕಲ್ಲಿನಲ್ಲಿ ನಮ್ಮ ಅತ್ತೆ ಹುಟ್ಟುವವರಿದ್ದಾರೆ ಎಂಬ ಸುದ್ದಿ ಅವರಿಗೆ ಹೇಗೋ ಮುಟ್ಟಿರಬೇಕು!

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಮನೆಯ ಪಡಸಾಲೆಯಲ್ಲೇ ಸೀರೆ ವ್ಯಾಪಾರ ಮಾಡಿ ಬದುಕಿದವರು. ಬಂದ ಗಿರಾಕಿಯ ಮುಂದೆ, ಈ ಬಣ್ಣ ನಿನಗೆ ಒಪ್ಪುವುದಿಲ್ಲ, ನಿಜ ಹೇಳಬೇಕೆಂದರೆ ನಿನ್ನ ಮುಖಕ್ಕೆ ಯಾವ ಬಣ್ಣವೂ ಒಪ್ಪುವುದಿಲ್ಲ ಎಂದು ಹೇಳಿಯೂ ಸೀರೆ ಮಾರಿದ ವ್ಯಾಪಾರಿ ಇಡೀ ಇಳಕಲ್ಲಿನಲ್ಲಿ ಇವರೊಬ್ಬರೇ ಇರಬೇಕು. ಅಪ್ಪ ತೀರಿಕೊಂಡ ಮೇಲೆ ಬಾಗಲಕೋಟೆಯ ಮನೆಯಲ್ಲಿ ನಾನು, ಅವ್ವ ಇಬ್ಬರೇ ಇದ್ದೆವು. ಅತ್ತೆ ಕಣ್ಣಿನ ಪೊರೆ ತೆಗೆಸಲೆಂದು ಬಂದರು. ಎಂಟು ದಿನ ಇದ್ದು ಹೋಗುತ್ತೇನೆ ಎಂದಿದ್ದರು. ಆ ಎಂಟು ದಿನ ಇನ್ನೂ ಮುಗಿದಿಲ್ಲ. ಪೊರೆ ತೆಗೆದ ಡಾಕ್ಟರಿಗೆ ನಾನು ಮನಸ್ಸಿನಲ್ಲೇ ಎಷ್ಟು ಸಲ ಬೈದಿದ್ದೇನೋ! ಮೊದಲು ಮಸುಕಾಗಿ ಕಾಣುತ್ತಿದ್ದ ಜಗತ್ತಿನ ತಪ್ಪುಗಳೆಲ್ಲ ಅತ್ತೆಗೆ ಈಗ ಸ್ವಚ್ಛವಾಗಿ ಕಾಣತೊಡಗಿದವು. ಮೊದಲು ಕಂಡದ್ದು ನಮ್ಮ ಕಪಾಟಿನ ಮೇಲಿನ ಧೂಳು. ಎರಡನೆಯದು ನಾನು.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಸಂಜೆ ಮನೆಯ ಪಡಸಾಲೆಯಲ್ಲಿ ಕೆಲವು ಮಕ್ಕಳಿಗೆ ಟ್ಯೂಷನ್ನೂ ಉಂಟು. ಗಾದೆಗಳ ಪಾಠದ ದಿನ ಮಕ್ಕಳು ಒಂದೇ ರಾಗದಲ್ಲಿ ಕೂಗುತ್ತಿದ್ದರು. ಮೂಲೆಯಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದ ಅತ್ತೆ, ಏನದು, ಯಾವ ದೇವರ ಭಜನೆ ಎಂದು ಕೇಳಿದರು. ಇಂಗ್ಲಿಷ್ ಗಾದೆ ಎಂದೆ. ಅರ್ಥ ಹೇಳು ಎಂದರು. ಪೊದೆಯಲ್ಲಿರುವ ಎರಡು ಹಕ್ಕಿಗಿಂತ ಕೈಯಲ್ಲಿರುವ ಒಂದು ಹಕ್ಕಿ ಮೇಲು ಎಂದು ಹೇಳಿದೆ. ಹೇಳಬಾರದಿತ್ತು.

“ಕೈಯಾಗ ಹಕ್ಕಿ ಹಿಡಕೊಂಡು ಕುಂತ್ರ ರೊಟ್ಟಿ ಯಾರು ಬಡೀಬೇಕು?” ಎಂದರು ಅತ್ತೆ.

ಮಕ್ಕಳಿಗೆ ಇಷ್ಟೇ ಸಾಕಾಯಿತು! ಅವತ್ತಿನಿಂದ ಅವರು ಪಾಠ ಕೇಳುವುದನ್ನು ಬಿಟ್ಟು ಮೂಲೆಯ ಕಡೆಗೆ ಕಿವಿ ಕೊಡತೊಡಗಿದರು. ನಾನು ಒಂದೊಂದು ಗಾದೆಯ ಅರ್ಥ ಹೇಳುವುದು, ಅತ್ತೆ ಅದನ್ನು ಜೋಳದೊಳಗಿನ ಹರಳಿನ ಹಾಗೆ ಹೆಕ್ಕಿ ಎಸೆಯುವುದು. ಉರುಳುವ ಕಲ್ಲಿಗೆ ಪಾಚಿ ಹಿಡಿಯುವುದಿಲ್ಲ ಎಂದರೆ, ಪಾಚಿ ಯಾಕೆ ಹಿಡಿಯಬೇಕು, ಅದನ್ನು ಕಿತ್ತು ಪಲ್ಯ ಮಾಡುತ್ತಾರೇನು, ಪಾಚಿ ಹಿಡಿದ ಕಲ್ಲಿನ ಮೇಲೆ ಕಾಲಿಟ್ಟೇ ನಮ್ಮ ಓಣಿಯ ಮುದುಕಿ ಸೊಂಟ ಮುರಿದುಕೊಂಡದ್ದು ಎಂದರು. ಬಿಸಿಲಿದ್ದಾಗಲೇ ಹುಲ್ಲು ಒಣಗಿಸಿಕೊ ಎಂದರೆ, ನಮ್ಮ ಬಾಗಲಕೋಟೆಯಲ್ಲಿ ಬಿಸಿಲು ಯಾವಾಗ ಇಲ್ಲ, ಇಲ್ಲಿ ಹುಲ್ಲು ಹುಟ್ಟುವಾಗಲೇ ಒಣಗಿರುತ್ತದೆ, ಮಾಸ್ತರಿಕೆ ಮಾಡಿ ಮಾಡಿ ನೀನೂ ಒಣಗಿದ್ದೀ ಎಂದರು. ಹುಲ್ಲಿನ ಮಾತಿನಲ್ಲಿ ನಾನು ಯಾಕೆ ಬರಬೇಕಿತ್ತು? ಮಕ್ಕಳು ಪಾಟಿಚೀಲದಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ಮಳೆಯ ದಿನಕ್ಕೆಂದು ಒಂದಿಷ್ಟು ಉಳಿಸಿಡು ಎಂಬ ಗಾದೆಗಂತೂ ಅತ್ತೆಗೆ ಕನಿಕರವೇ ಬಂತು.

“ಪಾಪ, ಅವರಿಗೆ ಮಳಿ ಅಂದ್ರ ತ್ರಾಸು. ನಮಗ ಮಳಿ ಬಂತಂದ್ರ ಮಿರ್ಚಿ ಭಜಿ” ಎಂದವರು, ಮಕ್ಕಳ ಕಡೆ ತಿರುಗಿ, ಇಂಥ ಜನ ನಮ್ಮನ್ನು ಹೇಗೆ ಆಳಿದರೋ ಎಂದು ತಲೆ ಅಲ್ಲಾಡಿಸಿದರು.

ಅಡುಗೆಯವರು ಹೆಚ್ಚಾದರೆ ಸಾರು ಕೆಡುತ್ತದೆ ಎಂಬ ಗಾದೆಯ ದಿನ ಅವ್ವನೂ ಬಾಗಿಲಲ್ಲಿ ಬಂದು ನಿಂತಿದ್ದಳು. ಅವ್ವನದು ಮಾತು ಕಡಿಮೆ. ಅತ್ತೆಯ ಮಾತಿಗೆ ಸೆರಗು ಬಾಯಿಗಿಟ್ಟುಕೊಂಡು ನಗುವುದೇ ಅವಳ ಮಾತು. ಅತ್ತೆ ಜೋಳದ ಮೊರ ಬದಿಗಿಟ್ಟರು. ಶ್ರಾವಣದಲ್ಲಿ ಮಠದ ದಾಸೋಹಕ್ಕೆ ಊರ ಹೆಂಗಸರೆಲ್ಲ ಕೂಡಿಯೇ ಅಡುಗೆ ಮಾಡುತ್ತೇವೆ, ಸಾರು ಎಂದೂ ಕೆಟ್ಟಿಲ್ಲ ಎಂದರು. ಆಮೇಲೆ ಅವ್ವನ ಕಡೆ ಒಮ್ಮೆ ನೋಡಿ, “ಸಾರು ಕೆಡಸಾಕ ಒಬ್ಬಾಕಿ ಸಾಕು” ಎಂದರು. ಅವತ್ತು ಅವ್ವ ನಗಲಿಲ್ಲ. ರಾತ್ರಿಯ ಸಾರಿಗೆ ಉಪ್ಪನ್ನೂ ಹಾಕಲಿಲ್ಲ.

ಇದೆಲ್ಲ ಮನೆಯೊಳಗೇ ಉಳಿದಿದ್ದರೆ ನನಗೇನೂ ತ್ರಾಸಿರಲಿಲ್ಲ. ಆದರೆ ನಮ್ಮ ಶಾಲೆಯ ಹೆಡ್‌ಮಾಸ್ತರರು ಇದ್ದಾರಲ್ಲ! ಅವರಿಗೆ ಇಂಗ್ಲಿಷ್ ಗಾದೆಗಳೆಂದರೆ ಪ್ರಾಣ. ದಿನಾ ಬೆಳಗ್ಗೆ ಪ್ರಾರ್ಥನೆಗೆ ಮೊದಲು ಕರಿಹಲಗೆಯ ಮೇಲೆ ಸ್ವಂತ ಕೈಯಿಂದ ಒಂದು ಗಾದೆ ಬರೆಯದಿದ್ದರೆ ಅವರಿಗೆ ಚಹಾ ರುಚಿಸುವುದಿಲ್ಲ. ತಡವಾಗಿ ಬಂದ ಹುಡುಗನಿಗೊಂದು ಗಾದೆ, ರಜೆ ಕೇಳಿದ ಮಾಸ್ತರರಿಗೊಂದು ಗಾದೆ. ಒಮ್ಮೆ ಮೇಲಿನ ನೀರಿನ ಟಾಕಿ ಒಡೆದು ವರಾಂಡದ ತುಂಬ ನೀರು ಹರಿಯುತ್ತಿದ್ದಾಗಲೂ ಅವರು ನಲ್ಲಿಯವನನ್ನು ಕರೆಯದೆ ಗಾದೆ ಹೇಳುತ್ತ ನಿಂತಿದ್ದರು. ನಾವು ಟೀಚರಮ್ಮಗಳೆಲ್ಲ ಸೀರೆ ಎತ್ತಿ ಹಿಡಿದುಕೊಂಡು ಕೇಳಿದೆವು.

ಇವರೂ ನಮ್ಮ ಅತ್ತೆಯೂ ಭೇಟಿಯಾದದ್ದು ಬಾದಾಮಿಯಲ್ಲಿ. ಶಾಲೆಯಿಂದ ಮಕ್ಕಳನ್ನು ಮೇಣಬಸದಿಯ ಗುಹೆಗಳನ್ನು ನೋಡಲು ಕರೆದುಕೊಂಡು ಹೋಗಿದ್ದೆವು. ಕರೆಯದೇ ಇದ್ದರೂ ಅತ್ತೆ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿ ಎಲ್ಲರಿಗಿಂತ ಮುಂದಿನ ಸೀಟಿನಲ್ಲಿ ಕುಳಿತಿದ್ದರು. ಅಲ್ಲಿ ಮೆಟ್ಟಿಲ ಮೇಲೆ ಮಕ್ಕಳು ಜಿಗಿದಾಡುವುದನ್ನು ಕಂಡು ಹೆಡ್‌ಮಾಸ್ತರರು ಎಲ್ಲರನ್ನೂ ನಿಲ್ಲಿಸಿ, ಚುರುಮುರಿ ಪೊಟ್ಟಣ ಹಿಡಿದ ಕೈಯನ್ನೇ ಎತ್ತಿ, ಜಿಗಿಯುವ ಮೊದಲು ನೋಡು ಎಂಬ ಗಾದೆಯನ್ನು ಇಂಗ್ಲಿಷಿನಲ್ಲಿ ಹೇಳಿ, ಕನ್ನಡದಲ್ಲಿ ವಿವರಿಸತೊಡಗಿದರು. ವಿವರಣೆ ಅರ್ಧವಾಗಿರಲಿಲ್ಲ, ಮೇಲಿನ ಬಂಡೆಯಿಂದ ಒಂದು ಮಂಗ ಹಾರಿ ಅವರ ಹೆಗಲ ಮೇಲೆ ಕುಳಿತು, ಪೊಟ್ಟಣ ಕಿತ್ತುಕೊಂಡು, ಅದೇ ಹೆಗಲನ್ನು ಒದ್ದು ಬಂಡೆ ಸೇರಿತು.

ಮಕ್ಕಳಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅತ್ತೆ ಮಾತ್ರ ಗಂಭೀರವಾಗಿ, “ಅದು ಸಾಲಿ ಕಲ್ತಿಲ್ರಿ ಮಾಸ್ತರ, ಅದಕ್ಕ ಜಿಗೀತು. ಕಲ್ತಿದ್ರ ನಿಮ್ಮಂಗ ನೋಡ್ಕೋತ ನಿಂತಿರ್ತಿತ್ತು” ಎಂದು ಸಮಾಧಾನ ಹೇಳಿದರು.

ಹೆಡ್‌ಮಾಸ್ತರರು ನನ್ನ ಕಡೆ ನೋಡಿದರು. ಯಾರು ಈ ಹೆಂಗಸು ಎಂಬ ಪ್ರಶ್ನೆ ಆ ನೋಟದಲ್ಲಿತ್ತು. ನಾನು ಗುಹೆಯೊಳಗಿನ ಶಿಲ್ಪಗಳನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದೆ.

ಅದಾದ ಮೇಲೆ ಅರ್ಧವಾರ್ಷಿಕ ಪರೀಕ್ಷೆ ಬಂತು. ಇಂಗ್ಲಿಷ್ ಪ್ರಶ್ನೆಪತ್ರಿಕೆಯನ್ನು ಹೆಡ್‌ಮಾಸ್ತರರೇ ತೆಗೆದಿದ್ದರು. ಏನೂ ಇಲ್ಲದಿರುವುದಕ್ಕಿಂತ ಅರ್ಧ ಬ್ರೆಡ್ಡಾದರೂ ಇರುವುದು ವಾಸಿ ಎಂಬರ್ಥದ ಗಾದೆಯನ್ನು ಕೊಟ್ಟು ವಿಸ್ತರಿಸಿರಿ ಎಂದು ಕೇಳಿದ್ದರು. ಪರೀಕ್ಷೆ ಮುಗಿದ ವಾರ ಒಂದು ಸಂಜೆ ಉತ್ತರಪತ್ರಿಕೆಗಳ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ನೇರ ನಮ್ಮ ಮನೆಗೇ ಬಂದರು. ನನ್ನ ಟ್ಯೂಷನ್ನಿನ ಅಷ್ಟೂ ಮಕ್ಕಳು ಒಂದೇ ಉತ್ತರ ಬರೆದಿದ್ದರು. ಬ್ರೆಡ್ಡು ಎಂಬುದು ಜ್ವರ ಬಂದವರ ಆಹಾರ. ಅದನ್ನು ದವಾಖಾನೆಯಲ್ಲಿ ಹಾಲಿನಲ್ಲಿ ಅದ್ದಿ ಕೊಡುತ್ತಾರೆ. ಇಡೀ ಬ್ರೆಡ್ಡು ಎಂದರೆ ಪೂರ್ತಿ ಜ್ವರ, ಅರ್ಧ ಬ್ರೆಡ್ಡು ಎಂದರೆ ಅರ್ಧ ಜ್ವರ, ಬ್ರೆಡ್ಡೇ ಇಲ್ಲ ಎಂದರೆ ಆರೋಗ್ಯ. ಆದ್ದರಿಂದ ಈ ಗಾದೆ ತಪ್ಪು.

ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಹೇಳಿಕೊಟ್ಟವರು ಒಳಗೆ ರೊಟ್ಟಿ ಬಡಿಯುತ್ತಿದ್ದರು. ಸಪ್ಪಳ ಓಣಿಯ ತುದಿಗೆ ಕೇಳುತ್ತಿತ್ತು. ವ್ಯಾಕರಣದ ಒಂದು ತಪ್ಪೂ ಇಲ್ಲ ಎಂಬುದೇ ಹೆಡ್‌ಮಾಸ್ತರರಿಗೆ ಹೆಚ್ಚಿನ ಸಂಕಟ. ಇದು ಹೀಗೇ ನಡೆದರೆ ಬರುವ ವರ್ಷದಿಂದ ಹತ್ತನೆಯ ತರಗತಿಯನ್ನು ನಿಮಗೆ ಕೊಡುವುದಕ್ಕಾಗುವುದಿಲ್ಲ ಎಂದರು. ವರ್ಷಗಟ್ಟಲೆ ಕಾಯ್ದು ಆ ತರಗತಿಯನ್ನು ಪಡೆದಿದ್ದೆ. ಈಗ ಅದು ಬ್ರೆಡ್ಡಿನ ದೆಸೆಯಿಂದ ಹೋಗುವುದೇ?

ಆಗ ಅತ್ತೆ ಹೊರಗೆ ಬಂದರು. ಬಂದವರು ಜಗಳಕ್ಕೆ ನಿಲ್ಲಲಿಲ್ಲ. ಅದೇ ನನಗೆ ಭಯವಾದದ್ದು! ಹೊತ್ತಾಗಿದೆ, ಉಂಡು ಹೋಗಬೇಕು ಎಂದು ಹೆಡ್‌ಮಾಸ್ತರರನ್ನು ಕೂರಿಸಿದರು. ತಾಟಿನಲ್ಲಿ ಎಣಗಾಯಿ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ನಡುವೆ ಅರ್ಧ ರೊಟ್ಟಿ, ಬಿಸಿಬಿಸಿಯಾದದ್ದು, ಚಂದ್ರನ ಹಾಗೆ ಸರಿಯಾಗಿ ಅರ್ಧಕ್ಕೆ ಮುರಿದದ್ದು. ಆಮೇಲೆ ಅತ್ತೆ ರೊಟ್ಟಿಯ ಬುಟ್ಟಿಯನ್ನು ಪಕ್ಕದಲ್ಲೇ ಇಟ್ಟುಕೊಂಡು, ಅದರ ಮೇಲೆ ಬಟ್ಟೆ ಮುಚ್ಚಿ, ಕೈಕಟ್ಟಿ ಕುಳಿತರು.

ಅರ್ಧ ರೊಟ್ಟಿ ಎಷ್ಟು ಹೊತ್ತು ಬಂದೀತು? ಪಲ್ಯ ಹಾಗೇ ಇತ್ತು, ಚಟ್ನಿ ಹಾಗೇ ಇತ್ತು, ರೊಟ್ಟಿ ಮುಗಿಯಿತು. ಹೆಡ್‌ಮಾಸ್ತರರು ಎಣಗಾಯಿಯನ್ನು ಒಮ್ಮೆ ನೋಡಿದರು, ಬುಟ್ಟಿಯನ್ನು ಒಮ್ಮೆ ನೋಡಿದರು. ಅವ್ವ ಬಾಗಿಲ ಹಿಂದೆ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು.

“ಅರ್ಧ ಸಾಕಾತೇನ್ರಿ ಮಾಸ್ತರ?” ಎಂದು ಅತ್ತೆ ಕೇಳಿದರು.

ಹೆಡ್‌ಮಾಸ್ತರರು ತಾಟಿನಿಂದ ತಲೆ ಎತ್ತದೆ, “ಇನ್ನರ್ಧ ಹಾಕ್ರಿ ಅಮ್ಮಾರ” ಎಂದರು.

ಆಮೇಲೆ ಅವರು ಎಷ್ಟು ರೊಟ್ಟಿ ತಿಂದರೆಂದು ಹೇಳಿದರೆ ನನ್ನ ನೌಕರಿಗೆ ಒಳ್ಳೆಯದಲ್ಲ. ಹತ್ತನೆಯ ತರಗತಿ ನನ್ನ ಬಳಿಯೇ ಉಳಿಯಿತು. ಮಕ್ಕಳಿಗೆ ಆ ಪ್ರಶ್ನೆಗೆ ಪೂರ್ತಿ ಅಂಕ ಕೊಡಲು ಮಾತ್ರ ಅವರ ಮನಸ್ಸು ಒಪ್ಪಲಿಲ್ಲ. ಅರ್ಧ ಕೊಟ್ಟರು. ಏನೂ ಇಲ್ಲದಿರುವುದಕ್ಕಿಂತ ವಾಸಿಯೇ ಅಲ್ಲವೇ?

ಅಂದಿನಿಂದ ಇಬ್ಬರ ನಡುವೆ ಒಂದು ವಿಚಿತ್ರ ಸಂಬಂಧ ಬೆಳೆಯಿತು. ಹೆಡ್‌ಮಾಸ್ತರರು ಬೆಳಗ್ಗೆ ಹಲಗೆಯ ಮೇಲೆ ಗಾದೆ ಬರೆದವರು ಸ್ಟಾಫ್ ರೂಮಿನಲ್ಲಿ ನನ್ನನ್ನು ತಡೆದು, ಇದಕ್ಕೆ ನಿಮ್ಮ ಅತ್ತೆಯವರು ಏನೆನ್ನುತ್ತಾರೆ ಎಂದು ಮೆಲ್ಲಗೆ ಕೇಳುತ್ತಿದ್ದರು. ನಾನು ಸಂಜೆ ಗಾದೆಯನ್ನು ಮನೆಗೆ ಒಯ್ದು, ಅತ್ತೆಯ ಬೈಗುಳವನ್ನು ಬೆಳಗ್ಗೆ ಶಾಲೆಗೆ ತರುತ್ತಿದ್ದೆ. ಎಂ.ಎ. ಮಾಡಿದ್ದು ಈ ಟಪಾಲು ಹೊರುವುದಕ್ಕೇ ಏನೋ ಎಂದು ನನಗೆ ಅನಿಸುತ್ತಿತ್ತು.

ಹೋದ ಚಳಿಗಾಲದಲ್ಲಿ ಅವ್ವ ತೀರಿಕೊಂಡಳು. ಕಾಯಿಲೆ ಏನೂ ಇರಲಿಲ್ಲ. ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ.

ಮಾಡಬೇಕಾದ ಕೆಲಸವೆಲ್ಲ ನನ್ನ ಮೇಲೆಯೇ ಬಿತ್ತು. ಮಠಕ್ಕೆ ಹೇಳಿ ಕಳಿಸುವುದು, ಬಂಧುಗಳಿಗೆ ಫೋನು, ಬಂದವರಿಗೆ ಚಹಾ, ಹೊರಟವರಿಗೆ ಬಸ್ಸಿನ ಹೊತ್ತು. ಎಲ್ಲವನ್ನೂ ಮಾಡಿದೆ. ಅಳು ಮಾತ್ರ ಬರಲಿಲ್ಲ. ಹುನಗುಂದದಿಂದ ಬಂದ ಬಂಧುಗಳು, ಎಷ್ಟು ಗಟ್ಟಿ ಹುಡುಗಿ ಎಂದು ನನ್ನ ಕಿವಿಗೆ ಬೀಳುವಂತೆಯೇ ಮಾತಾಡಿಕೊಂಡರು. ಅತ್ತೆ ಗೋಡೆಗೆ ಒರಗಿ ಕುಳಿತಿದ್ದರು. ಯಾರನ್ನೂ ಬೈಯಲಿಲ್ಲ. ಅವರು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಣ್ಣು ಮಾಡಿ ಬಂದ ಎರಡು ದಿನಕ್ಕೆ ಹೆಡ್‌ಮಾಸ್ತರರು ಬಂದರು. ಚಾಪೆಯ ಮೇಲೆ ಕುಳಿತರು. ಏನಾದರೂ ಹೇಳಬೇಕಲ್ಲ. ಅವರಿಗೆ ಬರುವುದು ಒಂದೇ ಭಾಷೆ. “ಟೈಮ್ ಈಸ್ ದ ಬೆಸ್ಟ್ ಹೀಲರ್” ಎಂದು ಮೆಲ್ಲಗೆ ಹೇಳಿದರು.

ಅತ್ತೆ ತಲೆ ಎತ್ತಿ, ಏನಂದರು ಎಂದು ನನ್ನನ್ನು ಕೇಳಿದರು. ಇವತ್ತಾದರೂ ಬೇಡ ಎಂದು ನನಗೆ ಅನಿಸಿತು. ಆದರೂ ಹೇಳಿದೆ. ಕಾಲವು ಎಲ್ಲ ಗಾಯವನ್ನೂ ಮಾಯಿಸುತ್ತದಂತೆ, ಅತ್ತೆ.

ಅತ್ತೆ ಸಿಟ್ಟಿಗೇಳಲಿಲ್ಲ. ಹೆಡ್‌ಮಾಸ್ತರರ ಕಡೆ ತಿರುಗಿ, ಮಗುವಿಗೆ ಹೇಳುವ ದನಿಯಲ್ಲಿ ಹೇಳಿದರು. “ನೀವು ಒಳ್ಳೇ ಮನಸಿನಿಂದ ಹೇಳೀರಿ ಮಾಸ್ತರ. ಆದ್ರ ಇದು ಖರೆ ಅಲ್ಲ. ನಮ್ಮನಿಯವ್ರು ಹೋದಾಗ ನನಗೂ ಎಲ್ಲಾರೂ ಇದನ್ನ ಹೇಳಿದ್ರು. ಆಗ ಇಕಿ ಇನ್ನೂ ಹುಟ್ಟಿರಲಿಲ್ಲ. ಈಗೂ ಓಣ್ಯಾಗ ಯಾರರೆ ಅವರಂಗ ಕೆಮ್ಮಿದ್ರ, ನಾ ಬಾಗಲಾ ನೋಡ್ತೇನಿ.”

ಆಮೇಲೆ ನನ್ನ ಕೈಹಿಡಿದು ಪಕ್ಕಕ್ಕೆ ಎಳೆದುಕೊಂಡರು. “ಮಾಯೂದಿಲ್ಲವ್ವಾ. ಮಾಯಲಿ ಅಂತ ಕಾಯಬ್ಯಾಡ. ಅಳು.”

ನಾನು ಅತ್ತೆಯ ತೊಡೆಯ ಮೇಲೆ ತಲೆಯಿಟ್ಟೆ. ಅಷ್ಟು ದಿನ ಎಲ್ಲಿ ಅಡಗಿತ್ತೋ ಆ ಅಳು, ಮನೆಗೆ ಬಂದವರೆಲ್ಲ ಕೇಳುವ ಹಾಗೆ ಬಂತು. ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡು ಅಲ್ಲೇ ಕುಳಿತಿದ್ದರು. ಒಳಗಿನಿಂದ ಯಾರೋ ಬಂದು, ಸಾಕವ್ವ, ಸಮಾಧಾನ ಮಾಡಿಕೊ ಎನ್ನಲು ಬಾಗಿದರು. ಅತ್ತೆ ಕೈಯೆತ್ತಿ ಅವರನ್ನು ತಡೆದರು. ಇನ್ನೊಂದು ಕೈ ನನ್ನ ಬೆನ್ನ ಮೇಲೆಯೇ ಇತ್ತು.