ಮಾಮಾ ಕಂಡ ನಾಯಿ ಸಿನಿಮಾ

ಸೃಷ್ಟಿಯಲ್ಲಿ ಕುಂದಿಲ್ಲದ ವಸ್ತು ತಾವೊಬ್ಬರೇ ಎಂದು ನಮ್ಮ ಸೋದರಮಾವ ಬಲವಾಗಿ ನಂಬಿದ್ದರು. ಹತ್ತು ವರ್ಷದವರಿದ್ದಾಗ ಧಾರವಾಡ ಬಿಟ್ಟು ಪುಣೆಗೆ ಬಂದವರು. ನಲವತ್ತು ವರ್ಷ ಕಳೆದರೂ ಇಲ್ಲಿಯ ಚಹಾ, ಇಲ್ಲಿಯ ಮಳೆ, ಇಲ್ಲಿಯವರ ಕನ್ನಡ ಬಾರದ ನಾಲಗೆ, ಯಾವುದೂ ಅವರಿಗೆ ಸರಿಬಂದಿರಲಿಲ್ಲ. ನಾನು ಅವರ ಮನೆಯಲ್ಲಿದ್ದು ಕಾಲೇಜು ಓದುತ್ತಿದ್ದೆ. ಅಂದಮೇಲೆ ನಾನು ಮಾತ್ರ ಸರಿಬರುತ್ತೇನೆಯೇ?

ಎರಡನೆಯ ಮಹಾಯುದ್ಧದ ಕಾಲ. ಪುಣೆಯ ಕ್ಯಾಂಪ್ ಬಡಾವಣೆಯ ಥಿಯೇಟರಿಗೆ ಒಬ್ಬ ಹುಡುಗ ಮತ್ತು ಅವನ ನಾಯಿಯ ಇಂಗ್ಲಿಷ್ ಸಿನಿಮಾ ಬಂತು. ಮಾಮಿ ನೋಡಲೇಬೇಕೆಂದು ಹಟ ಹಿಡಿದರು.

"ಮನುಷ್ಯಾರ ಸಿನಿಮಾನೇ ನೋಡಂಗಿಲ್ಲ ನಾ, ಇನ್ನ ನಾಯಿದ ನೋಡ್ಲೇನು?" ಎಂದು ಗೊಣಗುತ್ತ ಮಾಮಾ ಎಲ್ಲರಿಗಿಂತ ಮೊದಲು ಟಾಂಗಾ ಹತ್ತಿದರು.

ಪರದೆಯ ಮೇಲೆ ನಾಯಿ ಹುಡುಗನ ಹಾಸಿಗೆ ಏರಿತು. "ಇವನ ಅವ್ವಗ ಕಣ್ಣಿಲ್ಲೇನು?" ಎಂದರು ಮಾಮಾ, ಗಟ್ಟಿಯಾಗಿ. ಮುಂದೆ ಕೂತಿದ್ದ ಮರಾಠಿ ಗೃಹಸ್ಥರು ತಿರುಗಿ, "ಅಹೋ, ಗಪ್ಪ ಬಸಾ" ಎಂದರು. ಬಾಯಿ ಮುಚ್ಚಿ ಗಪ್ಪಾಗುವುದು ನಮ್ಮ ಮಾಮಾನ ಜಾತಕದಲ್ಲಿಯೇ ಇರಲಿಲ್ಲ. ಹುಡುಗ ಏನೋ ಹೇಳಿದ. ನಾಯಿ ಓಡಿಹೋಗಿ ಅವನ ಟೋಪಿ ತಂದಿತು.

"ಏನಂದಾಂವ?" ನನ್ನ ಪಕ್ಕೆಗೆ ತಿವಿದರು.

"ತಿಳೀಲಿಲ್ರಿ ಮಾಮಾ."

"ನಾಯಿಗೆ ತಿಳೀತು. ನೀ ಬಿ.ಎ. ಓದ್ಲಿಕ್ಕೆ ಹತ್ತೀ."

ಕೊನೆಗೆ ಹುಡುಗನ ಮನೆಯವರು ನಾಯಿಯನ್ನು ಬಿಟ್ಟು ಊರಿನಿಂದ ಹೊರಡುತ್ತಾರೆ. ಹುಡುಗ ಬಂಡಿಯಿಂದ ಧುಮುಕಿ ಅದರ ಕಡೆಗೆ ಓಡುತ್ತಾನೆ. ಮಾಮಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಎಲ್ಲಾ ಸುಳ್ಳು," ಎಂದರು ಮಾಮಾ, "ಯಾವ ಹುಡುಗ ಹಿಂಗ ಇಳೀತಾನ?" ಊಟಕ್ಕೆ ಕೂತಾಗ, ಸಂಧ್ಯಾವಂದನೆಯ ನಡುವೆ ಕೂಡ, ವಾರವಿಡೀ ಆ ಹುಡುಗನನ್ನು ಬೈದರು.

ಮರುವಾರ ನಾನು ಕಾಲೇಜು ತಪ್ಪಿಸಿ ಅದೇ ಸಿನಿಮಾದ ಮಧ್ಯಾಹ್ನದ ಆಟಕ್ಕೆ ಹೋದೆ. ಎರಡು ಸಾಲು ಮುಂದೆ ಮಾಮಾ ಒಬ್ಬರೇ ಕೂತಿದ್ದರು. ಬೆಳಿಗ್ಗೆ ಕಚೇರಿಗೆಂದು ಹೊರಟವರು! ಹುಡುಗ ಬಂಡಿಯಿಂದ ಧುಮುಕಿದಾಗ ಅವರು ಕನ್ನಡಕ ತೆಗೆದರು.

ಹೊರಗೆ ಮುಖಾಮುಖಿಯಾದೆವು. ಯಾರು ಯಾರನ್ನು ಬೈಯಬೇಕು? ಇಬ್ಬರೂ ಮನೆಯ ಕಡೆಗೆ ನಡೆದೆವು. ಅರ್ಧ ದಾರಿಯಲ್ಲಿ, ನಾನು ಕೇಳದಿದ್ದರೂ, ಅವರೇ ಹೇಳಿದರು:

"ಧಾರವಾಡದಾಗ ನಂದೂ ಒಂದ ನಾಯಿ ಇತ್ತು. ನಾವು ಇಲ್ಲಿಗೆ ಬರೂ ದಿವಸ ಸ್ಟೇಶನ್‌ತನಕ ಬಂತು. ಗಾಡಿ ಬಿಟ್ಟ ಮ್ಯಾಲೂ ಭಾಳ ದೂರ ಓಡಿ ಬಂತು."

"ನೀವೇನ್ ಮಾಡಿದ್ರಿ ಮಾಮಾ?"

ಅವರು ನಾಲ್ಕು ಹೆಜ್ಜೆ ನಡೆದರು.

"ನೋಡ್ಲಿಕ್ಕೆ ಆಗ್ಲಿಲ್ಲೋ. ಕಿಡಕಿ ಮುಚ್ಚಿದೆ."