ಕೊಡಚಾದ್ರಿಯ ತುದಿಗೆ ನಾನು ಕರೆದೊಯ್ದವರು

ನಾನು ಹೊಸನಗರದ ಕಡೆಯವಳು. ಕೊಡಚಾದ್ರಿ ಹತ್ತುವವರಿಗೆ ದಾರಿ ತೋರಿಸುವ ಗೈಡ್. ಬೆಟ್ಟ ಅದೇ, ಕಾಲುದಾರಿಯೂ ಅದೇ. ಹತ್ತುವವರು ಮಾತ್ರ ದಿನಾ ಹೊಸಬರು. ಅದಕ್ಕೇ ನನಗೆ ನಗದೆ ಮನೆಗೆ ಹೋದ ದಿನವೇ ನೆನಪಿಲ್ಲ.

ಆ ತಿರುವಿನಾಚೆ

ಕಾಡು ಮುಗಿದು ಹುಲ್ಲುಗುಡ್ಡ ಶುರುವಾಗುವಲ್ಲಿ ಸಾಗರದ ಮೇಷ್ಟ್ರೊಬ್ಬರು ಕೂತೇಬಿಟ್ಟರು.

"ತುದಿ ಇನ್ನೆಷ್ಟು ದೂರಮ್ಮ?"

"ಇಲ್ಲೇ ಸರ್, ಆ ತಿರುವಿನಾಚೆ."

ಐದು ತಿರುವಿಗೂ ಅದೇ ಪ್ರಶ್ನೆ, ಅದೇ ಉತ್ತರ. ಆರನೆಯದಕ್ಕೆ ಮೇಷ್ಟ್ರಿಗೆ ಸಿಟ್ಟು ಬಂತು. "ಇಷ್ಟು ಸುಳ್ಳು ನನ್ನ ಕ್ಲಾಸಿನ ಹುಡುಗರೂ ಹೇಳಿಲ್ಲ!"

ಇಳಿಯುವಾಗ, ಏದುಸಿರು ಬಿಡುತ್ತ ಹತ್ತುತ್ತಿದ್ದವನೊಬ್ಬ ಅವರನ್ನೇ ಕೇಳಿದ: "ಇನ್ನೆಷ್ಟು ದೂರ ಸರ್?"

ಮೇಷ್ಟ್ರು ನನ್ನ ಮುಖ ನೋಡದೆ ಹೇಳಿದರು: "ಇಲ್ಲೇ ಮಾರಾಯ, ಆ ತಿರುವಿನಾಚೆ."

ಜೀಪಿನಲ್ಲಿ ಕಣ್ಣು

ನಡೆಯಲಾಗದವರು ಜೀಪಿನಲ್ಲಿ ಹೋಗುತ್ತಾರೆ. ಅಲ್ಲಿ ಕಲ್ಲು ಜಾಸ್ತಿ, ದಾರಿ ಕಮ್ಮಿ. ತುಮರಿಯ ಅಜ್ಜಿಯೊಬ್ಬರು ಹತ್ತಿದ ಕೂಡಲೇ ಕಣ್ಣು ಮುಚ್ಚಿದರು.

"ಕಣ್ಣು ಬಿಡಿ ಅಜ್ಜಿ, ಬೆಟ್ಟ ಎಷ್ಟು ಚಂದ ಕಾಣ್ತಿದೆ," ಅಂದೆ.

"ಎಂಗೆ ಹೆದರಿಕೆ ಆಗ್ತು. ಡ್ರೈವರ್ ಕಣ್ಣು ಬಿಟ್ಕಂಡಿದ್ನಾ ನೋಡು, ಸಾಕು."

ಡ್ರೈವರ್ ಪೂರ್ತಿ ಹಿಂದಕ್ಕೆ ತಿರುಗಿ, ಕಣ್ಣರಳಿಸಿ, "ಬಿಟ್ಟಿದೀನಿ ಅಜ್ಜಿ, ನೋಡಿ!" ಅಂದ.

ಅಜ್ಜಿ ನೋಡಿದರು. ಆಮೇಲೆ ಜೀಪು ನಿಲ್ಲುವವರೆಗೆ ಅವರೂ ಕಣ್ಣು ಬಿಡಲಿಲ್ಲ, ನಾನೂ ಬಿಡಲಿಲ್ಲ.

ಮಂಜಿನಲ್ಲಿ ಕೂಗು

ತೀರ್ಥಹಳ್ಳಿಯಿಂದ ಒಂದು ಬಸ್ಸಿನಷ್ಟು ದಂಪತಿಗಳು ಬಂದಿದ್ದರು. ತುದಿ ಮುಟ್ಟುತ್ತಲೇ ಮಂಜು ಕವಿಯಿತು. ಚಾಚಿದ ಕೈ ಕಾಣದು, ಪಕ್ಕದಲ್ಲೇ ಪ್ರಪಾತ. "ಯಾರೂ ಅಲ್ಲಾಡ್ಬೇಡಿ!" ಅಂತ ಕಿರುಚಿದೆ.

ಒಬ್ಬ ನಿವೃತ್ತ ಗುಮಾಸ್ತರು ನನ್ನ ತೋಳು ಹಿಡಿದುಕೊಂಡರು. "ನಮ್ಮನೆಯವಳು ಕಾಣ್ತಿಲ್ಲ!"

"ಜೋರಾಗಿ ಕೂಗಿ ಸರ್."

"ಇವಳೇ! ಏ ಇವಳೇ!"

ಮಂಜಿನೊಳಗಿಂದ ಏಳೆಂಟು ಹೆಂಗಸರು ಒಟ್ಟಿಗೇ ಅಂದರು: "ಏನ್ರೀ?"

"ಅಯ್ಯೋ, ಹೆಸರು ಹಿಡಿದು ಕೂಗಿ ಸರ್!"

"ಮದುವೆ ಆದಾಗಿಂದ ಹಾಗೆ ಕರೆದಿಲ್ಲಮ್ಮ..."

ಕೊನೆಗೆ ಹೆದರಿಕೆಯ ಮುಂದೆ ನಾಚಿಕೆ ಸೋತಿತು. "ಸರೋಜಾ!" ಮತ್ತೆ, ಇನ್ನೂ ಜೋರಾಗಿ: "ಸರೋಜಾ! ನನ್ನ ಸರೋಜಾ, ಎಲ್ಲಿದ್ದೀಯೇ!"

ಗಂಟಲು ಕಟ್ಟುವ ಹೊತ್ತಿಗೆ ಮಂಜು ಸರಿಯಿತು. ನಾಲ್ಕೇ ಹೆಜ್ಜೆ ಆಚೆ, ಹುಲ್ಲಿನ ಮೇಲೆ ಕಾಲು ಚಾಚಿಕೊಂಡು ಅವರ ಹೆಂಡತಿ ಆರಾಮಾಗಿ ಕೂತಿದ್ದರು.

"ಇಷ್ಟು ಹತ್ರ ಇದ್ದೂ ಒಂದು ‘ಓ’ ಅನ್ನಬಾರ್ದಾ?" ಗಂಡ ರೇಗಿದರು.

ಆಕೆ ನಿಧಾನಕ್ಕೆ ಸೆರಗು ಸರಿಮಾಡಿಕೊಂಡರು.

"ಓ ಅಂದಿದ್ರೆ ನೀವು ಕೂಗೋದು ನಿಲ್ಲಿಸ್ತಿದ್ರಲ್ಲ!"