ಯಾರಿಗೂ ಏನೂ ಬೇಡದ ಕರಾರು

ನಮ್ಮ ರಶ್ಮಿಯ ಮೊದಲ ಕರಾರಿಗೆ ಇವತ್ತು ಎರಡೂ ಕಡೆಯವರ ಸಹಿ ಬಿತ್ತು! ರಶ್ಮಿ ನನ್ನ ಮೊಮ್ಮಗಳು. ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಕಂಡಕ್ಟರಿಗೂ ಈ ಸುದ್ದಿ ಹೇಳಿ ಬಂದಿದ್ದೇನೆ. ಅವನು ಟಿಕೆಟ್ ಎಲ್ಲಿಗೆ ಎಂದು ಕೇಳಿದ. ನಾನು ಎಲ್ಲಿಗೂ ಹೋಗುವವನಾಗಿರಲಿಲ್ಲ.

ರಶ್ಮಿ ಸಾಗರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಹೊಸ ಕೆಲಸ ಶುರುಮಾಡಿದ್ದಾಳೆ. ಸಣ್ಣ ವ್ಯಾಪಾರಸ್ಥರಿಗೆ ಒಂದಷ್ಟು ಪ್ರಶ್ನೆ ಕಳಿಸುತ್ತಾಳೆ. ಅವರು ಮೊಬೈಲಿನಲ್ಲಿ ಉತ್ತರ ಒತ್ತಿದರೆ, ಆ ಉತ್ತರಗಳಿಂದಲೇ ಕಂಪ್ಯೂಟರು ಕರಾರು ಪತ್ರ ಕಟ್ಟಿಕೊಡುತ್ತದೆ. ಆದರೆ ಗಿರಾಕಿಯೇ ಸಿಕ್ಕಿರಲಿಲ್ಲ. ಈ ತಿಂಗಳೂ ಸಿಗದಿದ್ದರೆ ಕೋಣೆ ಬಿಟ್ಟು ಬರುತ್ತೇನೆಂದು ಮುಖ ಸಪ್ಪೆ ಮಾಡಿಕೊಂಡಿದ್ದಳು. ಕೊನೆಗೆ ಗಿರಾಕಿಗಳಾದವರು ನಾನು ಮತ್ತು ತೀರ್ಥಹಳ್ಳಿಯಲ್ಲಿ ಹೋಟೆಲು ಇಟ್ಟಿರುವ ಶೇಷಪ್ಪ. ನಮ್ಮ ಆಲೆಮನೆಯ ಪಾಕದಂತಿರುವ ಜೋನಿ ಬೆಲ್ಲ ಅವರ ಹೋಟೆಲಿಗೆ ಹೋಗಬೇಕು, ಅಷ್ಟೇ ವಿಷಯ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಎಲ್ಲ ಪ್ರಶ್ನೆಗೂ ನಾನೇ ಒತ್ತಿದೆ. ಮುಂಗಡ ಬೇಕೆ? ಬೇಡ. ಸಾಗಿಸುವ ಖರ್ಚು ಬೇಕೆ? ಬೇಡ. ಡಬ್ಬ ವಾಪಸು ಬೇಕೆ? ಬೇಡ. ಕೇಳಿದ ಕೂಡಲೇ ಬೇಕು ಎನ್ನಲು ನಮಗೇನು ನಾಚಿಕೆ ಇಲ್ಲವೇ? ಶೇಷಪ್ಪನವರೂ ನಮ್ಮ ಸೀಮೆಯವರೇ, ಅವರ ಪ್ರಶ್ನೆಗಳಿಗೆ ಅವರೂ ಅಲ್ಲಿಂದ ಹಾಗೇ ಒತ್ತಿದರು. ಸ್ಯಾಂಪಲ್ ಬೇಕೆ? ಬೇಡ. ಬೆಲ್ಲ ಕೆಟ್ಟರೆ ಬದಲಿ ಬೇಕೆ? ಬೇಡ. ಹೊರಬಂದ ಕರಾರಿನ ಪ್ರಕಾರ ನನಗೂ ಏನೂ ಬೇಡ, ಅವರಿಗೂ ಏನೂ ಬೇಡ.

ಅದನ್ನು ಓದಿದ ಶೇಷಪ್ಪ ಇವತ್ತು ಬೆಳಗ್ಗೆಯೇ ಬಸ್ ಹತ್ತಿ ನಮ್ಮ ಮನೆಗೆ ಬಂದರು. ಸಹಿ ಹಾಕಿಸಲೆಂದು ರಶ್ಮಿಯೂ ಬಂದಿದ್ದಳು.

"ಹಿಂಗೆ ಬರದ್ರೆ ಹ್ಯಾಂಗೆ ಮಾರಾಯ್ರೇ? ಕೆಟ್ಟ ಬೆಲ್ಲನೂ ನಾನೇ ಇಟ್ಕಬೇಕಾ? ನಂಗೆ ಈ ವ್ಯವಹಾರನೇ ಬ್ಯಾಡ" ಎಂದರು. ಈ ಬೇಡ ಮಾತ್ರ ನಿಜವಾದ ಬೇಡದ ಹಾಗೆ ಕೇಳಿಸಿತು. ರಶ್ಮಿಯ ಕಣ್ಣು ತುಂಬಿತು.

ಅಷ್ಟರಲ್ಲಿ ನನ್ನ ಸೊಸೆ ಬಾಗಿಲಿಗೆ ಬಂದು, "ಕಾಫಿ ಕುಡೀತೀರಾ?" ಎಂದಳು.

"ಬ್ಯಾಡ, ಈಗಷ್ಟೇ ಆಯ್ತು" ಎಂದರು ಶೇಷಪ್ಪ.

"ಒಂಚೂರು ಕುಡೀರಿ."

"ಬ್ಯಾಡಾಗಿತ್ತು."

"ಅರ್ಧ ಲೋಟ?"

"ಹಂಗಾದ್ರೆ ಲೋಟ ತುಂಬ್ಸೇ ತನ್ನಿ. ಬಸ್ಸಲ್ಲಿ ಬಂದು ಗಂಟಲು ಒಣಗಿ ಹೋಗಿದೆ."

ರಶ್ಮಿ ಕಣ್ಣೊರೆಸಿಕೊಂಡು ಲ್ಯಾಪ್‌ಟಾಪ್ ತೆರೆದಳು. ಪ್ರತಿ ಪ್ರಶ್ನೆಯ ಕೆಳಗೂ ಇನ್ನೆರಡು ಸೇರಿಸಿದಳು: 'ನಿಜವಾಗಿಯೂ?' ಮತ್ತು 'ಸಂಕೋಚ ಬಿಟ್ಟು ಹೇಳಿ.' ನಮ್ಮಿಬ್ಬರನ್ನೂ ಜಗಲಿಯ ಒಂದೊಂದು ತುದಿಗೆ ಕೂರಿಸಿ ಮೊಬೈಲು ಕೊಟ್ಟಳು. ಮೂರನೆಯ ಸಲ ಕೇಳುವಷ್ಟರಲ್ಲಿ ಇಬ್ಬರಿಗೂ ಎಲ್ಲವೂ ಬೇಕಾಗಿತ್ತು! ಊಟದ ಹೊತ್ತಿಗೆ ಸಹಿಯಾಯಿತು. ಹೋಟೆಲಿಗೆ ಹಾಲು ಹಾಕುವವರ ಜೊತೆಗೂ ಇಂಥದ್ದೊಂದು ಮಾಡಿಕೊಡು ಎಂದು ಶೇಷಪ್ಪ ಅವಳಿಗೆ ಹೇಳಿ ಬಸ್ ಹತ್ತಿದರು. ಇನ್ನು ಅವಳು ಕೋಣೆ ಬಿಡುವುದಿಲ್ಲ.

ಸಂಜೆ ಮನೆಯವರೆಲ್ಲ ಒಟ್ಟಿಗೆ ದೋಸೆಗೆ ಕೂತೆವು. ಬೆಲ್ಲದ ಡಬ್ಬಕ್ಕೆ ಕೈಹಾಕಿದ ಸೊಸೆಯನ್ನು ರಶ್ಮಿ ತಡೆದಳು.

"ಅಮ್ಮಾ, ಮುಟ್ಬೇಡ. ಅದು ಹೋಟ್ಲಿಂದು. ಎಷ್ಟು ಕೊಡ್ತೀರಿ ಅಂದ್ರೆ ಅಜ್ಜ 'ಇರೋದೆಲ್ಲ' ಅಂತ ಒತ್ತಿದಾರೆ."

"ಏನೋ ಖುಷೀಲಿ ಒತ್ತಿರಬಹುದು ಕಣೇ" ಎಂದೆ.

"ಮೂರು ಸಲ ಕೇಳಿದೀನಿ ಅಜ್ಜ."

ಆಲೆಮನೆಯ ಯಜಮಾನನಾದ ನಾನು ತೆಪ್ಪಗೆ ಚಟ್ನಿಯಲ್ಲಿ ದೋಸೆ ಅದ್ದಿದೆ. ಸುತ್ತ ಕೂತವರೆಲ್ಲ ತಿಂದ ಕೈ ಒಣಗುವ ತನಕ ನಕ್ಕರು.